ಅರ್ಧ ಸ್ವರ ಕೆಳಗೆ

"ಹಲೋ... ಹಲೋ, ಯಾರು ಮಾತಾಡ್ತಿರೋದು?..."

"ಯಾರೂಂತ ಕೇಳಿದೆ. ದನಿ ಗುರುತು ಸಿಗ್ತಿಲ್ಲ ಸ್ವಾಮಿ, ಹೆಸರು ಹೇಳಿ..."

"ಎರ್ಮೆಸ್ಸಾ?... ನಮ್ಮ ಎರ್ಮೆಸ್ಸಾ? ಇದೇನೋ ನಿನ್ನ ದನಿ, ಬಾವಿಯೊಳಗಿಂದ ಬಂದ ಹಾಗಿದೆ. ಎಷ್ಟು ಸಲ ಹೇಳಿದೀನಿ, ಮಾತಾಡುವಾಗ್ಲೂ ದನಿ ಮೇಲೇ ಇರ್ಬೇಕು ಅಂತ. ಟೆನರ್ ಕಣೋ ನೀನು, ಗಂಡಸರಲ್ಲಿ ಮೇಲಿನ ದನಿ. ಹಾಂ, ಈಗ ಸರಿಯಾಯ್ತು. ಹೇಳು..."

ಇಯೋಲೆ ಫೆರ್ರಾರಿನಿ ರಿಸೀವರನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಕಪ್ಪು ರೇಷ್ಮೆಯ ಉಡುಪಿಗೆ ಕೆಂಪು ಹರಳಿನ ಪಿನ್ನು ಚುಚ್ಚಿಕೊಳ್ಳುತ್ತಿದ್ದಳು. ವಯಸ್ಸು ಅರವತ್ತೆಂಟು. ಒಂದು ಕಾಲದಲ್ಲಿ ಒಪೆರಾ ರಂಗದ ಮೇಲೆ ಹಾಡಿದವಳು, ಈಗ ಪಾರ್ಮಾ ನಗರದ ಪಕ್ಕದ ಊರಿನಲ್ಲಿ ಹಾಡು ಕಲಿಸಿಕೊಂಡಿರುವವಳು. ಎಂಟು ವರ್ಷ ತಿದ್ದಿ ತೀಡಿದ ಶಿಷ್ಯ ಇವತ್ತು ಸಂಜೆ ಮೊದಲ ಸಲ ನಾಯಕನಾಗಿ ಹಾಡುವವನಿದ್ದ. ಭಿತ್ತಿಪತ್ರದಲ್ಲಿ ಅವನ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಇವಳ ಹೆಸರೂ ಇತ್ತು. ಅದನ್ನು ಅವಳು ಪಿಯಾನೋದ ಮೇಲಿನ ಗೋಡೆಗೆ ತಾನೇ ಅಂಟಿಸಿದ್ದಳು.

"ಎಲ್ಲಿಂದ ಮಾಡ್ತಿದೀಯ?... ಥಿಯೇಟರ್ ಎದುರಿನ ಕಾಫಿ ಅಂಗಡೀನಾ? ಫೋನಿಗೆ ಹಾಕೋ ಬಿಲ್ಲೆ ಎಷ್ಟಿವೆ?... ನಾಲ್ಕೇನಾ. ಹಾಗಾದ್ರೆ ಬೇಗ ಹೇಳು, ನಾನು ನಾಲ್ಕರ ಬಸ್ಸಿಗೆ ಹೊರಟು ನಿಂತಿದೀನಿ. ಹಸಿಮೊಟ್ಟೆ ಕುಡಿದ್ಯಾ? ಮಫ್ಲರ್ ಕತ್ತಿಗಿದೆ ತಾನೆ? ನಾನು ಹೆಣೆದುಕೊಟ್ಟಿದ್ದು..."

"ಹಾಂ?... ಏನಂದೆ? ಇನ್ನೊಂದ್ಸಲ ಹೇಳು..."

"ಇಳಿಸಿದ್ರಾ? ಮೂರನೇ ಅಂಕದ ಹಾಡನ್ನಾ? ಅರ್ಧ ಸ್ವರ?... ನೀನೇ ಕೇಳಿಕೊಂಡ್ಯಾ? ವಾದ್ಯದವರ ಮೇಷ್ಟ್ರು ಒಪ್ಪಿಬಿಟ್ರಾ?..."

"ಒಪ್ತಾರೆ, ಅವರ ಗಂಟೇನು ಹೋಗುತ್ತೆ. ಪರ ಊರಿನವರು, ನಾಳೆ ರೈಲು ಹತ್ತಿ ಹೋಗ್ತಾರೆ. ಮೇಲೆ ಗ್ಯಾಲರೀಲಿ ಕೂರೋರನ್ನ ನೆನೆಸ್ಕೊಂಡ್ಯಾ ನೀನು? ಮಾಂಸದಂಗಡಿಯವನು, ಗಾರೆಯವನು, ಆ ಕ್ಷೌರದ ಗ್ವೆರಿನೊ, ಎಲ್ಲಾ ಅಪ್ಪನ ತೊಡೆ ಮೇಲೆ ಕೂತು ಈ ಒಪೆರಾ ಬಾಯಿಪಾಠ ಮಾಡಿದವರು. ಕೋಟಿನ ಜೇಬಲ್ಲಿ ಶ್ರುತಿ ನೋಡೋ ಉಕ್ಕಿನ ಕವಲುಕಡ್ಡಿ ಇಟ್ಕೊಂಡೇ ಬರ್ತಾರೆ ಕಣೋ. ಮಂಡಿಗೆ ಬಡೀತಾರೆ, ಕಿವಿಗೆ ಹಿಡೀತಾರೆ. ಅರ್ಧ ಸ್ವರ ಬಿಡು, ಕೂದಲೆಳೆಯಷ್ಟು ಇಳಿದಿದ್ರೂ ಶಿಳ್ಳೆ ಶುರು. ಹೋದ ವರ್ಷ ಆ ಬೊಲೋನ್ಯಾದ ಟೆನರ್ ಹೀಗೇ ಇಳಿಸಿ ಹಾಡಿದ್ನಲ್ಲ, ಮಾರನೇ ದಿನ ಗ್ವೆರಿನೊ ಅವನಿಗೆ ಅರ್ಧ ಗಡ್ಡ ಬೋಳಿಸಿ, 'ನೀವು ಕೊಟ್ಟಷ್ಟೇ ನಾವೂ ಕೊಡೋದು' ಅಂತ ಕುರ್ಚಿಯಿಂದ ಎಬ್ಬಿಸಿ ಕಳಿಸಿದ..."

ಹೇಳಿ ತಾನೇ ನಕ್ಕಳು. ಆ ಕಡೆಯಿಂದ ಲೋಟ ತೊಳೆಯುವ ಸದ್ದು ಮಾತ್ರ ಕೇಳಿಸಿತು.

"ಎರ್ಮೆಸ್?... ಯಾಕೋ ಸುಮ್ಮನಾದೆ... ಅಳ್ತಿದೀಯಾ?"

"ಡಾಕ್ಟರಾ? ಯಾವಾಗ?... ಇವತ್ತು ಬೆಳಿಗ್ಗೇನಾ. ಗಂಟಲಿಗೆ ಕನ್ನಡಿ ಬಿಟ್ಟು ನೋಡಿದ್ರಾ?... ರಕ್ತ... ಎಷ್ಟು ರಕ್ತ?... ಇವತ್ತು ಮೇಲೆ ಎಳೆದ್ರೆ ಇನ್ನು ಜನ್ಮದಲ್ಲಿ ಹಾಡೋ ಹಾಗಿಲ್ಲ ಅಂದ್ರಾ? ಅವರೇ ಅಂದ್ರಾ, ಇಲ್ಲಾ ನೀನು ಹೆದರಿಕೊಂಡು..."

"ಸರಿ, ಸರಿ. ಅವರೇ ಅಂದ್ರು..."

ಇಯೋಲೆ ಪಿಯಾನೋದ ಮುಂದಿನ ಸ್ಟೂಲಿನ ಮೇಲೆ ಕುಸಿದಳು. ಪಿನ್ನು ಕೈಯಲ್ಲೇ ಉಳಿಯಿತು. ಅವಳಿಗೆ ಭಯವಾಗಿತ್ತು, ಆದರೆ ಆಶ್ಚರ್ಯವಾಗಿರಲಿಲ್ಲ.

"ಅರ್ಧ ಸ್ವರ ಇಳಿಸಿದ್ರೆ ಪಾರಾಗ್ತೀನಾ ಅಂತ ಕೇಳ್ತೀಯ... ನನ್ನನ್ನೇ ಕೇಳ್ತೀಯ..."

"ಒಂದು ಕೆಲಸ ಮಾಡು. ಒಂದು ಸಾಲು ಹಾಡು. ನಿನ್ನದಲ್ಲ, ಎರಡನೇ ಅಂಕದಲ್ಲಿ ಅಪ್ಪನ ಪಾತ್ರದವನು ಹಾಡ್ತಾನಲ್ಲ, ಅವನದು. ಎಳೀಬೇಡ, ಬಿಗೀಬೇಡ, ಮಾತಾಡಿದ ಹಾಗೆ ಮೆಲ್ಲಗೆ ಬಿಡು... ಹೂಂ, ಅಲ್ಲೇ. ಜನ ಇದ್ರೆ ಇರ್ಲಿ. ಹಾಡು..."

ಅವನು ಹಾಡಿದ. ಒಂದೇ ಸಾಲು. ಅವನ ಅಪ್ಪನ ಚೀಸ್ ಡೇರಿಯಲ್ಲಿ ಬೆಳಗಿನ ಹಾಲು ತಾಮ್ರದ ಹಂಡೆಗೆ ಇಳಿಯುತ್ತಿತ್ತಲ್ಲ, ಹಾಗೆ ದನಿ ತುಂಬಿಕೊಂಡು ಬಂತು. ಕಾಫಿ ಅಂಗಡಿಯಲ್ಲಿ ಲೋಟದ ಸದ್ದು ನಿಂತುಹೋಯಿತು. ಎಂಟು ವರ್ಷ ಈ ಮನೆಯಲ್ಲಿ ದಿನಕ್ಕೆರಡು ಗಂಟೆ ಅದುಮಿಟ್ಟ ದನಿ ಅದು.

"ಸಾಕು. ಸಾಕಪ್ಪಾ, ನಿಲ್ಲಿಸು... ನೋವಾಯ್ತಾ?... ಆಗ್ಲಿಲ್ಲ. ಆಗೋದೂ ಇಲ್ಲ..."

"ಕೇಳಿಲ್ಲಿ. ಇವತ್ತು ನೀನು ಹಾಡಬೇಡ. ಅರ್ಧ ಸ್ವರ ಇಳಿಸಿಯೂ ಬೇಡ, ಒಂದು ಸ್ವರ ಇಳಿಸಿಯೂ ಬೇಡ... ಆಟ ನಿಲ್ಲುತ್ತೆ ಅಂತೀಯಾ? ಥಿಯೇಟರಿನವರು ಆ ಬೊಲೋನ್ಯಾದವನನ್ನೇ ಕರೆಸ್ಲಿ, ಇಷ್ಟು ಹೊತ್ತಿಗೆ ಗಡ್ಡ ಸಮ ಬೆಳೆದಿರುತ್ತೆ... ಇಲ್ಲ, ತಮಾಷೆ ಅಲ್ಲ. ನೀನು ಟೆನರ್ ಅಲ್ಲ ಎರ್ಮೆಸ್. ಯಾವತ್ತೂ ಅಲ್ಲ. ನೀನು ಬ್ಯಾರಿಟೋನ್, ಅದಕ್ಕಿಂತ ಕೆಳಗಿನ ದನಿ..."

"ಯಾವಾಗ ಗೊತ್ತಾಯ್ತು ಅಂದ್ರೆ... ಬಿಲ್ಲೆ ಹಾಕು ಮೊದಲು, ಟಿಕ್ ಅಂತಿದೆ... ಮೊದಲ ದಿನವೇ. ಡೇರಿ ಅಂಗಳದಲ್ಲಿ ಚೀಸಿನ ಚಕ್ರ ಉರುಳಿಸ್ತಾ ಗಾಡಿಯವನನ್ನ ಕೂಗಿದ್ಯಲ್ಲ, ಆಗಲೇ..."

"ಹೌದು. ಎಂಟು ವರ್ಷ..."

"ಯಾಕೆ ಅಂದ್ರೆ ಏನು ಹೇಳ್ಲಿ. ಹತ್ತೊಂಬತ್ತು ವರ್ಷದವನು, ಬಂದು ಕೂತು ಕೇಳಿದೆ, ಟೀಚರ್, ಯಾವ ದನಿಯವರು ಏನಾಗ್ತಾರೆ ಅಂತ. ನಾನೇನಂದೆ? ಟೆನರ್ ಪ್ರೀತಿಸ್ತಾನೆ. ಸೊಪ್ರಾನೊ, ಹೆಂಗಸರಲ್ಲಿ ಮೇಲಿನ ದನಿ, ಅವನಿಗೋಸ್ಕರ ಸಾಯ್ತಾಳೆ. ಬ್ಯಾರಿಟೋನ್ ಅಪ್ಪನೋ ಅಣ್ಣನೋ ಆಗಿ ಅಡ್ಡ ಬರ್ತಾನೆ, ತೀರಾ ಕೆಳಗಿನ ಬಾಸ್ ದನಿ ಅಂದ್ರೆ ರಾಜ, ಇಲ್ಲಾ ಪಾದ್ರಿ. ನಾನು ಮೆಜೊ, ಹೆಂಗಸರಲ್ಲಿ ಕೆಳಗಿನ ದನಿ. ಸವತಿ, ದಾದಿ, ಮಾಟಗಾತಿ. ಮೂವತ್ತು ವರ್ಷ ಮಾಟಗಾತಿಯಾಗಿ ಹಾಡಿದೆ ಕಣೋ. ಹೂವೆಲ್ಲಾ ಟೆನರ್ ಕಾಲ ಹತ್ರ ಬೀಳೋದು. ನನ್ನ ಕೈಯಿಂದ ಒಬ್ಬ ಟೆನರ್ ಆಗ್ಲಿ, ಆ ಹೂವಲ್ಲಿ ಒಂದೆಸಳು ನನ್ನದೂ ಇರ್ಲಿ ಅಂತ ಆಸೆ. ನಿಮ್ಮಮ್ಮನಿಗೂ ಆಸೆ ಇತ್ತು, ಆದ್ರೆ ಅವಳಿಗೆ ನಿನ್ನ ದನಿ ಯಾವುದೂಂತ ತಿಳೀದು. ನನಗೆ ತಿಳಿದಿತ್ತು. ನಿನ್ನ ಗಂಟಲು ಕೊಯ್ದೆ ನಾನು..."

"ಬೈಯೋ. ಏನಾದ್ರೂ ಅನ್ನು... ಎರ್ಮೆಸ್?... ಮಗಾ?"

ಕುರ್ಚಿ ಸರಿಸಿದ ಸದ್ದು ಬಂತು. ಬಾಗಿಲ ಗಂಟೆ ಅಲುಗಿತು. ಆಮೇಲೆ ಯಾರೋ ರಿಸೀವರ್ ಎತ್ತಿಕೊಂಡು ಕೆಮ್ಮಿದರು.

"ಹಲೋ?... ಯಾರು ಮಾತಾಡ್ತಿರೋದು?... ಯಾವ ಗ್ವೆರಿನೊ?... ಓ. ಕ್ಷೌರದ ಅಂಗಡಿಯವರಾ. ಪಕ್ಕದ ಮೇಜಲ್ಲೇ ಇದ್ರಾ..."

"ಹೌದು. ಅವನಿಗೆ ಕಲಿಸಿದವಳು ನಾನೇ..."

"ಅವನು ಟೆನರ್ ಅಲ್ಲ ಅಂತ ನಿಮಗೆ ಗೊತ್ತಿತ್ತಾ?... ಗ್ಯಾಲರಿಗೆಲ್ಲಾ?... ಹೋದ ಚಳಿಗಾಲ ಅವನು ಸಣ್ಣ ಪಾತ್ರ ಹಾಡಿದ್ನಲ್ಲ, ಆವಾಗಿಂದಾನಾ... ಮತ್ತೆ ಯಾಕೆ ಯಾರೂ ಹೇಳಲಿಲ್ಲ?..."

"ಹೇಳಬೇಕಾದವಳು ನಾನು. ಹೌದು ಸ್ವಾಮಿ. ಒಪ್ಪಿದೆ..."

"ಇವತ್ತಿನ ಶಿಳ್ಳೆ ಅವನಿಗಲ್ವಾ?... ನನಗಾ... ಹೊಡೀರಿ. ಬಸ್ಸು ಹಿಡಿದು ಬರ್ತೀನಿ, ಮುಂದೆ ನಿಂತ್ಕೋತೀನಿ, ಕೈ ಸೋಲೋ ತನಕ ಹೊಡೀರಿ... ಕೈ ಅಲ್ಲ, ಬಾಯಿ. ಏನೇನೋ ಮಾತಾಡ್ತಿದೀನಿ. ಅವನಿಗೆ ಫೋನ್ ಕೊಡಿ ಸ್ವಲ್ಪ..."

"ಹೋದನಾ? ಯಾವ ಕಡೆ?... ಥಿಯೇಟರ್ ಕಡೆಗಾ? ಬಾಗಿಲಾಚೆ ನೋಡಿ ಹೇಳಿ ಸ್ವಾಮಿ, ನಿಮಗೆ ಕೈ ಮುಗೀತೀನಿ, ಥಿಯೇಟರ್ ಕಡೆಗಾ?..."

"ಸ್ಟೇಷನ್ ಕಡೆಗೆ... ಖಂಡಿತಾ? ಚೌಕ ದಾಟಿದನಾ?... ಸದ್ಯ. ಹಾಗಾದ್ರೆ ಇವತ್ತು ಹಾಡೋದಿಲ್ಲ. ದೇವರು ದೊಡ್ಡವನು..."

"ಏನು ಬಿಟ್ಟು ಹೋದ?... ಮಫ್ಲರಾ. ಮರೆತು ಹೋದನಾ, ಇಲ್ಲಾ... ಮಡಿಸಿಟ್ಟು ಹೋದನಾ. ಕುರ್ಚಿ ಮೇಲೆ..."

ಅವಳು ಕೈಯಲ್ಲಿದ್ದ ಪಿನ್ನನ್ನು ಪಿಯಾನೋದ ಮೇಲಿಟ್ಟಳು. ಇನ್ನು ಅವನು ಈ ಮನೆಯ ಮೆಟ್ಟಿಲು ಹತ್ತಿ ಬರುವುದಿಲ್ಲವೆಂದು ಅವಳಿಗೆ ತಿಳಿಯಿತು. ಅಳು ಬಂತು, ನುಂಗಿಕೊಂಡಳು.

"ಇದ್ದೀನಿ, ಇದ್ದೀನಿ... ನನಗೇನಾದ್ರೂ ಹೇಳಿ ಹೋದನಾ?... ಇಲ್ಲ... ಅಂಗಡಿಯವರಿಗೆಲ್ಲಾ 'ಬರ್ತೀನಿ' ಅಂದನಾ. ಅಷ್ಟೇನಾ..."

"ಸ್ವಾಮಿ, ಇಡಬೇಡಿ. ಒಂದೇ ಮಾತು. ನಿಮ್ಮ ಕಿವಿಗೆ ತಪ್ಪಿರೋದಿಲ್ಲ, ಅದಕ್ಕೆ ಕೇಳ್ತಿದೀನಿ. ಬರ್ತೀನಿ ಅಂದನಲ್ಲ, ಯಾವ ದನಿಯಲ್ಲಿ ಅಂದ? ನಾನು ಕಲಿಸಿದ್ದರಲ್ಲೋ, ಅವನದರಲ್ಲೋ?... ಹಲೋ?... ಗ್ವೆರಿನೊ ಅವರೇ, ಯಾವ ದನಿಯಲ್ಲಿ... ಹಲೋ..."

ಕೊನೆಯ ಬಿಲ್ಲೆ ಮುಗಿದಿತ್ತು.