ಸ್ಟ್ಯಾಂಡ್ ಇಟ್ಟೆಯಾ

ಇದು ನಮ್ಮ ಹಿಂದಿನ ಬೀದಿಯ ವೈರ್‌ಮನ್‌ಗೆ ಆದದ್ದು. ಬೇಕಾದರೆ ಅವನನ್ನೇ ಕೇಳಿ. ಹಗಲು ಹೊತ್ತು ಕೇಳಿ, ಅಷ್ಟೇ...

ಆ ದಿನ ಅವನು ಅಕ್ಕನ ಮನೆಯಿಂದ ಹೊರಟಾಗ ರಾತ್ರಿ ಎಂಟೂವರೆ. ಅಂಗಿಯ ಜೇಬಿನಲ್ಲಿ ಮಡಚಿದ ಕಾಗದ, ಕೆಳಗೆ ಅಕ್ಕನ ಸಹಿ. ತನ್ನ ಗಂಡ ಜಾಕಿ ಎತ್ತಿದ ಕಾರಿಗೆ ಆಸರೆಯ ಸ್ಟ್ಯಾಂಡ್ ಇಡದೆ ತಾನಾಗಿಯೇ ಕೆಳಗೆ ಹೋಗಿ ಸತ್ತರು, ಬೇರೆ ಯಾರ ತಪ್ಪೂ ಇಲ್ಲ ಅಂತ. ಬರೆಸಿದವನು ಇವನೇ. ಬೆಳಿಗ್ಗೆ ಠಾಣೆಗೆ ಕೊಟ್ಟರೆ ಕೇಸು ಮುಗಿಯಿತು, ಇಲ್ಲದಿದ್ದರೆ ಇವನಿಗೆ ಜೈಲು. ಸಹಿ ಮಾಡುವ ಮುಂಚೆ ಅಕ್ಕ ಒಂದೇ ಮಾತು ಆಡಿದ್ದಳು.

"ಅವರು ಸ್ಟ್ಯಾಂಡ್ ಇಲ್ಲದೆ ಯಾವತ್ತೂ ಕೆಳಗೆ ಹೋದವರಲ್ಲ ಕಣೋ."

ಇವನು ಚಪ್ಪಲಿ ಹುಡುಕುವವನ ಹಾಗೆ ತಲೆ ತಗ್ಗಿಸಿದ.

ಅಕ್ಕ ಅಂದದ್ದು ನಿಜ. ಭಾವ ಲೇತ್ ಕೆಲಸದವನು, ಅಳತೆ ತಪ್ಪದ ಮನುಷ್ಯ. ರಜೆ ಬಂತೆಂದರೆ ಇವನ ಮನೆಯ ಗ್ಯಾರೇಜಿಗೆ ಬಂದು ಹಳೇ ಕಾರಿನ ಹೊಟ್ಟೆ ಬಗೆಯುತ್ತಿದ್ದ. ಅವನದೊಂದು ಪದ್ಧತಿಯಿತ್ತು. ಕೆಳಗೆ ಹೋಗುವವನು ಜಾಕಿಯ ಹಿಡಿಯನ್ನು ಕಿತ್ತು ತನ್ನ ಜೊತೆಗೇ ಒಯ್ಯಬೇಕು, ಹೊರಗಿದ್ದವರು ಮರೆತೂ ಜಾಕಿ ಇಳಿಸುವ ಹಾಗಿರಬಾರದು. ನಿಮ್ಮಕ್ಕನನ್ನು ನಂಬಿ ಮದುವೆಯಾದೆ, ನಿನ್ನನ್ನೂ ನಂಬು ಅಂದರೆ ಅತಿಯಾಯ್ತು ಅಂತ ನಗುತ್ತಿದ್ದ.

ಆದರೂ ಆ ಭಾನುವಾರ ನಂಬಿಬಿಟ್ಟ.

ಕಬ್ಬಿಣದ ಸ್ಟ್ಯಾಂಡು ಎರಡೂ ಅಟ್ಟದ ಮೇಲಿದ್ದವು. ಏಣಿ ತರಲು ಇವನಿಗೆ ಸೋಮಾರಿತನ. ಕಾಂಪೌಂಡಿಗೆ ತಂದಿದ್ದ ಟೊಳ್ಳು ಸಿಮೆಂಟ್ ಬ್ಲಾಕುಗಳನ್ನು ಕೆಳಗೆ ತಳ್ಳಿದ. ಭಾವ ಆಗಲೇ ತಲೆಗೆ ಟವೆಲ್ ಮಡಿಸಿಕೊಂಡು ಅಂಗಾತ ಮಲಗಿ ಒಳಗೆ ಸರಿದಿದ್ದ. ಸ್ಟ್ಯಾಂಡ್ ಇಟ್ಟೆಯಾ ಅಂತ ಕೇಳಿದ. ಇಟ್ಟೆ ಭಾವ ಅಂದ ಇವನು.

ಹತ್ತು ನಿಮಿಷ. ಜಾಕಿ ಉಸ್ಸ್ ಅಂದಿತು. ಬ್ಲಾಕು ಪುಡಿಯಾಗಿ ಜರ್ರನೆ ಕುಸಿಯಿತು. ಕಾರು ಎದೆಯ ಮೇಲೆ ಕೂತಿತು. ಒಣಕಟ್ಟಿಗೆಯ ಹೊರೆಯ ಮೇಲೆ ಕಾಲಿಟ್ಟ ಹಾಗೆ ಲಟಲಟನೆ ಪಕ್ಕೆಲುಬು ಮುರಿದವು. ಹೊರಗೆ ಚಾಚಿದ್ದ ಹಿಮ್ಮಡಿ ನೆಲಕ್ಕೆ ಬಡಿಯತೊಡಗಿತು... ದಬ್, ದಬ್, ದಬ್. ಇವನು ಕೂಗಲಿಲ್ಲ. ಬ್ಲಾಕಿನ ಚೂರುಗಳನ್ನು ಗೋಣಿಚೀಲಕ್ಕೆ ಬಳಿದ. ಏಣಿ ತಂದ. ಅಟ್ಟ ಹತ್ತಿ ಸ್ಟ್ಯಾಂಡು ಇಳಿಸಿ ಗೋಡೆಗೆ ಒರಗಿಸಿದ. ಅಷ್ಟರಲ್ಲಿ ಹಿಮ್ಮಡಿ ನಿಂತಿತ್ತು. ಆಮೇಲೆ ಬೀದಿಗೆ ಓಡಿ ಬೊಬ್ಬೆ ಹೊಡೆದ.

ಇಷ್ಟು ಹಳೆಯದು. ಈಗ ಕೇಳಿ.

ದಾರಿಯಲ್ಲಿ ಒಂದು ಪಾಳು ಬಾವಿ. ಅದನ್ನು ದಾಟುವಾಗ ಒಳಗಿಂದ ಸದ್ದು... ಕಿರ್ರ್, ಟಕ್. ಕಿರ್ರ್, ಟಕ್. ರಾಟೆ ಇರಬೇಕು ಅಂದುಕೊಂಡ. ನಾಲ್ಕು ಹೆಜ್ಜೆ ಹೋದಮೇಲೆ ನೆನಪಾಯಿತು, ಆ ಬಾವಿಗೆ ರಾಟೆಯೇ ಇಲ್ಲ. ಬೀಸುಗಾಲು ಹಾಕಿದ.

ಮನೆಯೊಳಗೆ ಹೆಂಡತಿ ಟಿವಿ ಜೋರಾಗಿ ಇಟ್ಟಿದ್ದಳು. ಗ್ಯಾರೇಜಿನಿಂದ ಅದೇ ಸದ್ದು. ಹೊರಗಿನ ಬೀಗ ಹಾಕಿದ್ದ ಹಾಗೇ ಇತ್ತು. ಕಳ್ಳ ಬೀಗ ಹಾಕಿಕೊಂಡು ಕದಿಯುತ್ತಾನೆಯೇ? ಬೀಗ ತೆಗೆದು ಶಟರ್ ಎತ್ತಿದ. ಸದ್ದು ನಿಂತಿತು.

ಕಾರು ಜಾಕಿಯ ಮೇಲೆ ಎದ್ದು ನಿಂತಿತ್ತು. ಜಾಕಿಗೆ ಹಿಡಿ ಇರಲಿಲ್ಲ. ಹಿಡಿಯ ತುದಿ ಕಾರಿನ ಕೆಳಗಿಂದ ಗೇಣುದ್ದ ಹೊರಗೆ ಇಣುಕುತ್ತಿತ್ತು.

ಎಳೆದುಕೊಳ್ಳೋಣವೆಂದು ಬಗ್ಗಿದ. ತಣ್ಣಗಿನ ಕೈಯೊಂದು ಮಣಿಕಟ್ಟು ಹಿಡಿಯಿತು. ಜಗ್ಗಿದ ರಭಸಕ್ಕೆ ಭುಜದ ಕೀಲು ಚಟ್ಟನೆ ಕಳಚಿತು. ಗಲ್ಲ ನೆಲಕ್ಕೆ ಬಡಿದು ಹಲ್ಲು ಉದುರಿದವು. ಕಣ್ಣು ಮಿಟುಕಿಸುವಷ್ಟರಲ್ಲಿ ಕಾರಿನ ಕೆಳಗೆ ಅಂಗಾತ ಬಿದ್ದಿದ್ದ. ಕಿವಿಯ ಪಕ್ಕದಲ್ಲೇ ಪಿಸುದನಿ...

"ಸ್ಟ್ಯಾಂಡ್ ಇಟ್ಟೆಯಾ?"

"ಇಟ್ಟೆ ಭಾವ..." ಅಭ್ಯಾಸಬಲ, ಬಾಯಿಗೆ ಬಂದದ್ದು ಅದೇ.

ಉಸ್ಸ್. ಎರಡೂ ಮೊಣಕಾಲು ನುಚ್ಚಾದವು.

"ಸ್ಟ್ಯಾಂಡ್ ಇಟ್ಟೆಯಾ?"

ಜೇಬಿನ ಕಾಗದ ನೆನಪಾಯಿತು. ಹೂಂ ಅಂದ.

ಉಸ್ಸ್. ಸೊಂಟದ ಮೂಳೆ ಕಟಕ್ಕೆಂದು ಮುರಿಯಿತು.

ಮೂರನೇ ಸಲ ಕೇಳುವ ಮುಂಚೆಯೇ ಅರಚಿದ. ಬ್ಲಾಕು ಇಟ್ಟೆ, ಟೊಳ್ಳು ಬ್ಲಾಕು, ಚೂರೆಲ್ಲ ಗೋಣಿಯಲ್ಲಿದೆ, ನೀನು ಒದ್ದಾಡುತ್ತಿರುವಾಗಲೇ ಗುಡಿಸಿದೆ... ಟಿವಿಯನ್ನೂ ಮೀರಿಸಿ ಬೀದಿಗೆಲ್ಲ ಕೇಳಿತು. ಕಾರು ಎದೆಯಿಂದ ನಾಲ್ಕು ಬೆರಳು ಮೇಲೆ ನಿಂತಿತು.

ಪಕ್ಕದ ಮನೆಯ ದರ್ಜಿ ಮತ್ತೆ ಐದು ಜನ ಕೈಯಲ್ಲೇ ಕಾರೆತ್ತಿ ಅವನನ್ನು ಎಳೆದರು. ಪೊಲೀಸರು ಆಸ್ಪತ್ರೆಯಲ್ಲಿ ಅವನ ಬಾಯಿಂದಲೇ ಎಲ್ಲ ಬರೆಸಿಕೊಂಡರು. ಅಕ್ಕ ಅಲ್ಲೇ ನಿಂತು ಕೇಳಿದಳು, ತಾನು ಸಹಿ ಹಾಕಿದ ಕಾಗದವನ್ನು ಅವನ ಜೇಬಿನಿಂದ ತೆಗೆದು ಹರಿದಳು. ಅವನ ಎರಡು ಕಾಲೂ ಉಳಿಯಲಿಲ್ಲ.

ನೋವಿನಲ್ಲಿ ಬಡಬಡಿಸಿದ್ದು ಅನ್ನುವವರಿದ್ದಾರೆ. ಅನ್ನಲಿ. ಎಳೆದಾಗ ಅವನ ತಲೆಯ ಕೆಳಗೆ, ನೋಯದಿರಲಿ ಅಂತ ಯಾರೋ ಇಟ್ಟ ಹಾಗೆ, ನಾಲ್ಕು ಮಡಿಕೆಯ ಟವೆಲ್ ಇತ್ತು. ಒದ್ದೆ ಟವೆಲ್. ಭಾವನದು, ಅಕ್ಕ ಅಂದು ಸಂಜೆ ಒಗೆದು ತನ್ನ ಮನೆಯ ಹಗ್ಗಕ್ಕೆ ಹಾಕಿದ್ದು. ಆ ಮನೆಗೂ ಈ ಮನೆಗೂ ಎರಡು ಮೈಲಿ... ದರ್ಜಿ ನಮ್ಮ ಮನೆಗೇ ಬಟ್ಟೆ ಹೊಲಿಯುವವನು, ಸುಳ್ಳು ಹೇಳುವವನಲ್ಲ. ಅದನ್ನು ಹಿಂಡಿ ಅಕ್ಕನಿಗೆ ವಾಪಸು ಕೊಟ್ಟವನು ಅವನೇ.