ಸಮುದ್ರದ ನಡುವೆ ಯಾರ ಮದುವೆ?

ವೇದಿಕೆಯ ಮೇಲಿರುವ ಅಧ್ಯಕ್ಷರಾದ ಬಸವಯ್ಯನವರೇ, ಮುಖ್ಯ ಅತಿಥಿಗಳೇ, ನಮ್ಮ ಬೆಳೆಗಾರರ ಸಂಘದ ಸದಸ್ಯರೇ, ಕಾಫಿ ಇನ್ನೂ ಬಂದಿಲ್ಲವೆಂದು ಬಾಗಿಲ ಕಡೆ ನೋಡುತ್ತಿರುವ ಸಭಿಕರೇ,

ನಮ್ಮ ಯಜಮಾನರಾದ ಏಕಾಂತಯ್ಯನವರನ್ನು ಮತ್ತೊಮ್ಮೆ ಆಫ್ರಿಕಾದ ಸಮುದ್ರಕ್ಕೆ ಬೀಳ್ಕೊಡಲು ನೀವೆಲ್ಲ ಸೇರಿದ್ದೀರಿ. ಎರಡು ಮಾತಾಡಿ ಎಂದು ನನಗೆ ಮೈಕು ಕೊಟ್ಟಿದ್ದೀರಿ. ಕೊಟ್ಟ ಮೇಲೆ ಕಸಿದುಕೊಳ್ಳಬಾರದು.

ಇವರ ಕೆಲಸವೇನೆಂದು ಬಹಳ ಜನ ಕೇಳುತ್ತಾರೆ. ಸಮುದ್ರದ ನಡುವೆ ಕಬ್ಬಿಣದ ಅಟ್ಟ, ಅದರ ಕೆಳಗೆ ಎಣ್ಣೆ ಬಾವಿ. ದಡದಲ್ಲಿ ಎರಡು ಪಕ್ಷದವರು ಅಧಿಕಾರಕ್ಕಾಗಿ ಬಂದೂಕು ಹಿಡಿದು ಹೊಡೆದಾಡುತ್ತಾರೆ. ಆ ಜಗಳ ದೋಣಿ ಹತ್ತಿ ಅಟ್ಟದವರೆಗೂ ಬಂದೀತೇ? ಬಾವಿ ಯಾವಾಗ ಮುಚ್ಚಬೇಕು, ಜನರನ್ನು ಯಾವಾಗ ಇಳಿಸಬೇಕು? ಇದನ್ನೆಲ್ಲ ಮುಂಚೆಯೇ ಅಂದಾಜು ಮಾಡುವ ಅಧಿಕಾರಿ ಇವರು. ಮನೆಯಲ್ಲೂ ಅದೇ ಅಧಿಕಾರ. ಮೆಣಸು ಕೊಯ್ಯಲು ನಾನು ಏಣಿ ಹತ್ತಿದರೆ ಸಾಕು, "ಇಳಿಯೇ, ಏಣಿ ಅಲ್ಲಾಡ್ತಾ ಐತೆ!" ಎಂದು ತೋಟವೆಲ್ಲ ಕೇಳುವಂತೆ ಕೂಗುತ್ತಾರೆ. ಇಷ್ಟು ಜಾಗ್ರತೆಯ ಮನುಷ್ಯ ತಮ್ಮ ವಿಷಯಕ್ಕೆ ಬಂದರೆ ಹೇಗಿರುತ್ತಾರೆ ಗೊತ್ತೆ?

ಕಳೆದ ವರ್ಷ ಅಲ್ಲಿಂದ ಫೋನು ಮಾಡಿದ್ದರು. ಹಿಂದಿನಿಂದ ಢಂ ಢಂ ಸದ್ದು. "ಏನ್ರೀ ಅದು?" ಎಂದೆ. "ಏನಿಲ್ಲ ಕಣೇ, ಯಾರ್ದೋ ಮದ್ವೆ, ಪಟಾಕಿ ಹೊಡೀತಾವ್ರೆ. ನಿಂದು ಊಟ ಆಯ್ತಾ?" ಎಂದರು. ಸಮುದ್ರದ ನಡುವೆ ಯಾರ ಮದುವೆ, ಸಭಿಕರೇ? ಮೀನಿನದೇ?

ನಿಜ ಹೇಳಿದವನು ಇವರ ಜೊತೆ ಕೆಲಸಕ್ಕಿದ್ದ ಬೆಳಗೋಡಿನ ಕುಮಾರ್. ಬಂದೂಕಿನವರ ದೋಣಿ ಹತ್ತಿರ ಬಂದಾಗ ಇವರು ಕಂಪನಿಯ ಅಪ್ಪಣೆಗೂ ಕಾಯದೆ ಎಲ್ಲರನ್ನೂ ಇಳಿಸಿ ಕಳಿಸಿದರಂತೆ. "ಅಯ್ನೋರು ಮಾತ್ರ ಇಳೀಲಿಲ್ಲ ಕಣಕ್ಕ. ಬಾವಿ ಸರಿಯಾಗಿ ಮುಚ್ಚೈತಾ ನೋಡ್ಬೇಕು ಅಂತ ಒಬ್ರೇ ಉಳ್ಕಂಬುಟ್ರು" ಎಂದ. ಅದನ್ನು ಕೇಳಿ ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಹೆಮ್ಮೆಯೂ ಆಯಿತು, ಮೈಯೆಲ್ಲ ಉರಿಯಿತು ಕೂಡ. ಮತ್ತೆ ಹೋಗಬೇಡಿ ಎಂದು ಎಷ್ಟು ಗೋಗರೆದರೂ "ಏನೂ ಆಗಲ್ಲ, ಸುಮ್ನಿರು" ಎಂಬುದೊಂದೇ ಉತ್ತರ. ಮನೆಯಲ್ಲಿ ಹೇಳಿ ಸೋತೆ. ಅದಕ್ಕೇ ಸಭೆಯಲ್ಲಿ ಹೇಳುತ್ತಿದ್ದೇನೆ.

ಈಗ ಇವರು ಮುಖ್ಯ ಅತಿಥಿಗಳ ಕಿವಿಯಲ್ಲಿ ಏನೋ ಪಿಸುಗುಟ್ಟುತ್ತಿದ್ದಾರೆ, ನನ್ನ ಮಾತಿನ ಕಡೆ ಗಮನವೇ ಇಲ್ಲ. ಒಳ್ಳೆಯದೇ ಆಯಿತು. ನಮ್ಮ ಸಂಘದ ಆನೆ ಹಾವಳಿ ಸಮಿತಿಗೆ ಅಧ್ಯಕ್ಷರೇ ಇಲ್ಲ. ಯಾರನ್ನು ಕೇಳಿದರೂ ಓಡಿಹೋಗುತ್ತಾರೆ. ನಮ್ಮ ಪದ್ಧತಿ ನಿಮಗೆ ಗೊತ್ತು: ಮೈಕಿನಲ್ಲಿ ಹೆಸರು ಹೇಳಿ, ಸಭೆ ಚಪ್ಪಾಳೆ ತಟ್ಟಿದರೆ ಆಯ್ಕೆ ಮುಗಿಯಿತು. ಆಯ್ಕೆಯಾದವರು ಅವಧಿ ಮುಗಿಯುವ ತನಕ ಊರು ಬಿಡುವಂತಿಲ್ಲ. ಬಸವಯ್ಯನವರು ಸಿಕ್ಕಿಬಿದ್ದದ್ದೂ ಹೀಗೆಯೇ, ಪಾಪ. ಅಪಾಯದ ಅಂದಾಜು ಇವರಿಗಿಂತ ಚೆನ್ನಾಗಿ ಯಾರಿಗಿದೆ? ಆನೆಗೆ ಪಕ್ಷವೂ ಇಲ್ಲ, ಬಂದೂಕೂ ಇಲ್ಲ. ನಾನು ಏಕಾಂತಯ್ಯನವರ ಹೆಸರು ಸೂಚಿಸುತ್ತೇನೆ.

ಆಹಾ, ಎಂಥ ಚಪ್ಪಾಳೆ! ಅಯ್ಯೋ ನೋಡಿ, ನೀವು ತಟ್ಟಿದಿರೆಂದು ಇವರೂ ತಟ್ಟುತ್ತಿದ್ದಾರೆ! ಬಸವಯ್ಯನವರೇ, ಬೇಗ ಘೋಷಿಸಿಬಿಡಿ.

ರೀ, ಹಾಗೆ ದುರುಗುಟ್ಟಬೇಡಿ. ನನಗೆ ನೀವು ಬೇಕು ಕಣ್ರೀ.

ಬೀಳ್ಕೊಡಲು ಬಂದು ಇವರನ್ನು ನನಗೆ ಉಳಿಸಿಕೊಟ್ಟ ನಿಮಗೆಲ್ಲ ವಂದನೆಗಳು. ನಮಸ್ಕಾರ.