ಎಂಟನೇ ಹಾಡಿನ ನದಿ

"ಹಳೇ ಹಾಡಾಂವ ಇಲ್ದ ಇದೆಂಥಾ ಬ್ಯಾಂಡು?"

ಮಿರಜಿನಿಂದ ಸಾಂಗಲಿಗೆ ಹೊರಟ ಸಿಟಿ ಬಸ್ಸಿನಲ್ಲಿ, ಬುರುಡೆಯ ಚಿತ್ರದ ಕರಿ ಅಂಗಿ ತೊಟ್ಟ ಹುಡುಗ ಯಾರ ಮುಖವನ್ನೂ ನೋಡದೆ ಕೇಳಿದ. ಹಿಂದಿನ ಸೀಟಿನಲ್ಲಿದ್ದ ನೀಲಗಂಗವ್ವನ ಕಿವಿ ನಿಮಿರಿತು. ಮಠದ ಶ್ರಾವಣ ಪುರಾಣಕ್ಕೆ ಹಳಬರ ಬದಲು ಹೊಸ ಶಾಸ್ತ್ರಿಗಳು ಬಂದ ವರ್ಷ ಅವಳೂ ಮೂರು ದಿನ ಮುನಿಸಿಕೊಂಡು ಮನೆಯಲ್ಲೇ ಉಳಿದವಳು.

"ಹೆವಿ ಮೆಟಲ್ ಅಂದ್ರ ಬರೇ ದನಿ ಏನೋ, ಪ್ರಥಮೇಶ?" ಪಕ್ಕದ ಹುಡುಗಿ ಅಂದಳು. "ಈ ಹೊಸ ಆಲ್ಬಮ್ಮಿನ ಹನ್ನೊಂದೂ ಹಾಡು ಕೂಡಿ ಒಂದ ಕಥಿ ಐತಿ. ಕಥಿ ಕೇಳು."

"ಹಳಬ ಬರೋತನಕ ಕೇಳೂದಿಲ್ಲಂತ ಫ್ಯಾನ್ ಗ್ರೂಪಿನ್ಯಾಗ ಶಪಥ ಮಾಡೇನಿ, ಪ್ರಣಿತಾ. ಮೊದಲನೇ ಹಾಡಿಗೇ ಬಂದ್ ಮಾಡೇನಿ. ಹೊಸಾಂವ ಹಾಡಾಂಗಿಲ್ಲ, ಬಾಯಿ ಮುಕ್ಕಳಸತಾನ."

"ಹಳಬ ಭಜನಿ ಹೇಳ್ತಿದ್ದನೇನು?"

"ಅಂವಾ ಒದರಿದ್ರ ಎದಿ ನಡಗತಿತ್ತು. ಇಂವಾ, ಪಾಪ, ಕಥಿಯೊಳಗಿನ ಆ ಕಮ್ಮಾರ ಮುಳುಗಿದ ಗಂಟಿ ತರಾಕ ನದ್ಯಾಗ ಜಿಗಿಯೂ ಮುಂದ ಲಾಲಿ ಹಾಡಿದಂಗ ಹಾಡ್ತಾನ."

"ನದಿ ಬರೂದು ಎಂಟನೇ ಹಾಡಿನ್ಯಾಗ."

ಹುಡುಗ ಕಿಟಕಿಯ ಕಡೆ ತಿರುಗಿದ. ವಿಶ್ರಾಮಬಾಗ ಬಂತು, ಇಬ್ಬರೂ ಎದ್ದರು.

"ಗ್ರೂಪಿನ್ಯಾಗ ಹೇಳಬ್ಯಾಡ. ಎಂಟನೇದಕ್ಕ ಖರೇನ ಬಂದ್ ಮಾಡೇನಿ. ಆ ಕಮ್ಮಾರ ನೀರಿನಿಂದ ಮ್ಯಾಲ ಬರ್ತಾನೋ ಇಲ್ಲೋ, ಅಷ್ಟ ಹೇಳು."

"ಹೊಸಾವನ ಬಾಯಾಗ ಕೇಳು."

ಅವರು ಬಾಗಿಲು ಮುಟ್ಟುವಷ್ಟರಲ್ಲಿ ನೀಲಗಂಗವ್ವನಿಗೆ ತಡೆಯಲಾಗಲಿಲ್ಲ.

"ತಂಗಿ, ನನಗರೆ ಹೇಳಿ ಹೋಗವಾ. ಕಮ್ಮಾರ ಉಳದನೇನು?"

"ಹೇಳೂದಿಲ್ರಿ, ಆಯಿ," ಎಂದು ಪ್ರಣಿತಾ ಮೆಟ್ಟಿಲಿಳಿದಳು. "ಇಂವಾ ಕೇಳಸ್ಕೋತಾನ."